ಪಿಟಿಸಿಬಿ ಫಾರ್ಮಸಿ ಟೆಕ್ನಿಷಿಯನ್ ಪರೀಕ್ಷೆ: 129 ಡಾಲರಿಗೆ ಸಿಗುವುದೇನು, ಸಿಗದಿರುವುದೇನು

ಅಮೆರಿಕದ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಒಬ್ಬರೇ ಇದ್ದರೂ ಅವರ ಸುತ್ತ ಓಡಾಡುವ ಟೆಕ್ನಿಷಿಯನ್‌ಗಳು ಹಲವರು. ಪ್ರಿಸ್ಕ್ರಿಪ್ಷನ್ ಓದಿ ಕಂಪ್ಯೂಟರಿಗೆ ಏರಿಸುವುದು, ಮಾತ್ರೆ ಎಣಿಸಿ ತುಂಬಿ ಲೇಬಲ್ ಹಚ್ಚುವುದು, ಸ್ಟಾಕ್ ನೋಡಿಕೊಳ್ಳುವುದು, ವಿಮಾ ಕಂಪನಿ ವಾಪಸ್ ಕಳಿಸಿದ ಬಿಲ್ಲನ್ನು ಸರಿಪಡಿಸುವುದು ಎಲ್ಲ ಇವರ ಪಾಲಿನ ಕೆಲಸ. ಕೊನೆಯ ತಪಾಸಣೆ ಮತ್ತು ರೋಗಿಗೆ ಸಲಹೆ ಹೇಳುವುದು ಸಾಮಾನ್ಯವಾಗಿ ಫಾರ್ಮಸಿಸ್ಟರ ಜವಾಬ್ದಾರಿ. ಈ ಕೆಲಸಕ್ಕೆ ದೇಶದಾದ್ಯಂತ ಹೆಚ್ಚು ಪರಿಚಿತವಾದ ಪ್ರಮಾಣಪತ್ರ ಸಿಪಿಎಚ್‌ಟಿ, ಅಂದರೆ ಸರ್ಟಿಫೈಡ್ ಫಾರ್ಮಸಿ ಟೆಕ್ನಿಷಿಯನ್. ಅದನ್ನು ಕೊಡುವ ಎರಡು ಸಂಸ್ಥೆಗಳಲ್ಲಿ ಹಳೆಯದು, 1995ರಲ್ಲಿ ಶುರುವಾದ ಪಿಟಿಸಿಬಿ. ಅದರ ಪರೀಕ್ಷೆಯ ಹೆಸರು ಪಿಟಿಸಿಇ, ಶುಲ್ಕ 129 ಡಾಲರ್.

ಮೊದಲೇ ಹೇಳಿಬಿಡುವುದಾದರೆ, ಪರೀಕ್ಷೆ ಚೆನ್ನಾಗಿದೆ, ಹಣಕ್ಕೆ ಮೋಸವಿಲ್ಲ. ಕೌಂಟರಿನಲ್ಲಿ ನಿಜವಾಗಿ ಎಲ್ಲಿ ತಪ್ಪಾಗುತ್ತದೋ ಅಲ್ಲಿಗೇ ಕೈಯಿಟ್ಟು ಕೇಳುತ್ತದೆ. ಆದರೆ ಇದು ಅಳತೆಗೋಲು ಮಾತ್ರ, ಕೆಲಸ ಕಲಿಸುವುದಿಲ್ಲ. ಕಲಿಸಬೇಕಾದದ್ದು ಅದಕ್ಕೂ ಮೊದಲಿನ ತರಬೇತಿ, ಮತ್ತು ಹಣ ಪೋಲಾಗುವುದು ಬಹುಪಾಲು ಅಲ್ಲಿಯೇ.

ಭಾರತದಲ್ಲಿ ಬಿ.ಫಾರ್ಮಾ ಮುಗಿಸಿ ಅಮೆರಿಕಕ್ಕೆ ಹೋದವರು ಈ ದಾರಿ ಹಿಡಿಯಲು ಒಂದು ಗಟ್ಟಿ ಕಾರಣವಿದೆ. ಹೊರದೇಶದ ಪದವಿ ಇಟ್ಟುಕೊಂಡು ಅಲ್ಲಿ ಫಾರ್ಮಸಿಸ್ಟ್ ಆಗಬೇಕಾದರೆ ಹೊರದೇಶದ ಫಾರ್ಮಸಿ ಪದವೀಧರರಿಗೆಂದೇ ಇರುವ ಎಫ್‌ಪಿಜಿಇಸಿ ಪ್ರಮಾಣಪತ್ರ ಬೇಕು. 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರಾದರೆ ಅದಕ್ಕೆ ಕನಿಷ್ಠ 5 ವರ್ಷದ ಕೋರ್ಸ್ ಆಗಿರಬೇಕು. ನಮ್ಮ ಬಿ.ಫಾರ್ಮಾ 4 ವರ್ಷದ್ದು, ಹಾಗಾಗಿ ಆ ಬಾಗಿಲು ಮುಚ್ಚಿದೆ. 6 ವರ್ಷದ ಫಾರ್ಮ್.ಡಿ ಆದವರಿಗೆ ತೆರೆದಿದೆ. ಅಂಥವರು ಟೆಕ್ನಿಷಿಯನ್ ಕೆಲಸವನ್ನು ನಡುವಿನ ಮೆಟ್ಟಿಲಾಗಿ ಮಾತ್ರ ನೋಡುವುದು ಒಳ್ಳೆಯದು. ಬಿ.ಫಾರ್ಮಾದವರಿಗೆ ಮತ್ತು ಔಷಧಶಾಸ್ತ್ರದ ಗಂಧಗಾಳಿಯಿಲ್ಲದೆ ಹೊಸದಾಗಿ ಶುರು ಮಾಡುವವರಿಗೆ ಟೆಕ್ನಿಷಿಯನ್ ವೃತ್ತಿ ಸುಲಭವಾಗಿ ಕೈಗೆಟಕುವ ಬಾಗಿಲು.

ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. ಪ್ರಮಾಣಪತ್ರ ಬೇರೆ, ಲೈಸೆನ್ಸ್ ಬೇರೆ. ಸಿಪಿಎಚ್‌ಟಿ ರಾಷ್ಟ್ರಮಟ್ಟದ ಅರ್ಹತೆ. ಕೆಲಸ ಮಾಡಲು ಅನುಮತಿ ಕೊಡುವುದು ಆಯಾ ರಾಜ್ಯದ ಫಾರ್ಮಸಿ ಮಂಡಳಿ, ಮತ್ತು ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸಿಗೆ ಈ ಪ್ರಮಾಣಪತ್ರ ಒಂದು ದಾರಿ ಮಾತ್ರ. ಫಾರ್ಮಸಿ ಟೆಕ್ನಾಲಜಿಯಲ್ಲಿ ಅಸೋಸಿಯೇಟ್ ಪದವಿ ಅಥವಾ ಮಂಡಳಿ ಒಪ್ಪುವ ತರಬೇತಿ ಮುಗಿಸಿದರೂ ಆಗುತ್ತದೆ. ಟೆಕ್ಸಾಸಿನಲ್ಲಿ ಮೊದಲು ಟ್ರೈನಿ ಎಂದು ನೋಂದಾಯಿಸಿಕೊಂಡು ಕೆಲಸ ಕಲಿಯಬಹುದು, ಆದರೆ ಆ ನೋಂದಣಿಯ ಆಯಸ್ಸು 2 ವರ್ಷ, ನವೀಕರಣವಿಲ್ಲ. ಅಷ್ಟರೊಳಗೆ ಪರೀಕ್ಷೆ ಪಾಸಾಗಬೇಕು. ಫ್ಲೋರಿಡಾದಲ್ಲಿ ಮಂಡಳಿ ಒಪ್ಪಿದ ತರಬೇತಿ ಮುಖ್ಯ. ನ್ಯೂಯಾರ್ಕಿನಲ್ಲಿ ನೋಂದಾಯಿತ ಟೆಕ್ನಿಷಿಯನ್ ಎಂಬ ಹುದ್ದೆಯಿರುವುದು ಆಸ್ಪತ್ರೆಯಂಥ ಸಂಸ್ಥೆಗಳ ಫಾರ್ಮಸಿಯಲ್ಲಿ. ಆದ್ದರಿಂದ ಕೋರ್ಸಿಗೆ ಒಂದು ಡಾಲರ್ ಕಟ್ಟುವ ಮೊದಲು ನಿಮ್ಮ ರಾಜ್ಯದ ಮಂಡಳಿಯ ಪುಟ ತೆರೆದು ಓದಿ. ಕೋರ್ಸ್ ಮಾರುವವರ ಬಾಯಿಮಾತು ಸಾಲದು.

ಪರೀಕ್ಷೆಗೆ ಕೂರಲು ದಾರಿಗಳು ಎರಡು: ಪಿಟಿಸಿಬಿ ಮಾನ್ಯ ಮಾಡಿದ ತರಬೇತಿ ಮುಗಿಸಿರಬೇಕು, ಇಲ್ಲವೇ ಟೆಕ್ನಿಷಿಯನ್ ಆಗಿ ಕನಿಷ್ಠ 500 ಗಂಟೆ ಕೆಲಸ ಮಾಡಿರಬೇಕು. 2020ಕ್ಕೂ ಮೊದಲು ಹೈಸ್ಕೂಲ್ ಮುಗಿಸಿದ್ದರೆ ನೇರವಾಗಿ ಕೂರಬಹುದಿತ್ತು. ಪುಸ್ತಕ ಉರುಹೊಡೆದು ಪಾಸಾಗಿ, ಕೌಂಟರಿಗೆ ಬಂದಾಗ ಮಾತ್ರೆ ಎಣಿಸುವ ತಟ್ಟೆಯನ್ನೇ ಹಿಡಿದು ನೋಡದವರೂ ಆಗ ಪ್ರಮಾಣಪತ್ರ ಪಡೆಯಬಹುದಿತ್ತು. ಆ ಬದಲಾವಣೆ ಸರಿಯಾದದ್ದು. ವಾರಕ್ಕೆ 25 ಗಂಟೆಯಂತೆ ದುಡಿದರೆ 500 ಗಂಟೆ ತುಂಬಲು 20 ವಾರ ಬೇಕು. ದೊಡ್ಡ ಔಷಧದಂಗಡಿ ಸರಪಳಿಗಳು ಟ್ರೈನಿಗಳನ್ನು ತೆಗೆದುಕೊಂಡು ತಮ್ಮದೇ ತರಬೇತಿ ಕೊಡುತ್ತವೆ. ನಿಮ್ಮ ರಾಜ್ಯ ಒಪ್ಪುವುದಾದರೆ, ಕೆಲಸದ ಪರವಾನಗಿಯೂ ಇದ್ದರೆ, ಇದಕ್ಕಿಂತ ಒಳ್ಳೆಯ ದಾರಿಯಿಲ್ಲ: ಕಲಿಯುತ್ತಲೇ ಸಂಬಳ, ಶಾಲೆಯ ಶುಲ್ಕವಿಲ್ಲ.

ಅದು ಆಗದವರಿಗೆ ಕಾಲೇಜು ಅಥವಾ ಖಾಸಗಿ ಕೋರ್ಸ್. ಇಲ್ಲಿ ನೋಡಬೇಕಾದ ಮೊದಲ ಗುರುತು ಎಎಸ್‌ಎಚ್‌ಪಿ ಮತ್ತು ಎಸಿಪಿಇ ಎಂಬ ಎರಡು ಫಾರ್ಮಸಿ ಸಂಸ್ಥೆಗಳು ಜೊತೆಯಾಗಿ ಕೊಡುವ ಮಾನ್ಯತೆ. ಅದರ ಆರಂಭಿಕ ಹಂತಕ್ಕೆ ಕನಿಷ್ಠ 400 ಗಂಟೆ, ಮುಂದುವರಿದ ಹಂತಕ್ಕೆ ಕನಿಷ್ಠ 600 ಗಂಟೆ ತರಬೇತಿ ಇರಬೇಕು. ತರಗತಿ, ಪ್ರಯೋಗಾಲಯ, ನಿಜವಾದ ಫಾರ್ಮಸಿ ಮೂರೂ ಇದರಲ್ಲಿ ಸೇರಿರುತ್ತವೆ. ಶಾಲೆಯವರನ್ನು ಬಾಯಿಬಿಟ್ಟು ಕೇಳಬೇಕಾದದ್ದು ಇಷ್ಟು. ಎಕ್ಸ್‌ಟರ್ನ್‌ಶಿಪ್ (ನಿಜವಾದ ಫಾರ್ಮಸಿಯಲ್ಲಿ ಪಡೆಯುವ ತರಬೇತಿ) ಎಲ್ಲಿ, ಅದನ್ನು ಶಾಲೆ ಹುಡುಕಿಕೊಡುತ್ತದೆಯೋ ನೀವೇ ಹುಡುಕಿಕೊಳ್ಳಬೇಕೋ? ಅಂಗಡಿ ಮತ್ತು ಆಸ್ಪತ್ರೆ ಎರಡೂ ಕಡೆ ಕಳಿಸುತ್ತಾರೋ? ಸ್ಟೆರೈಲ್ (ಸೂಕ್ಷ್ಮಾಣು ಸೇರದಂತೆ ಔಷಧ ತಯಾರಿಸುವ) ಕೆಲಸಕ್ಕೆ ಗಾಳಿ ಶೋಧಿಸುವ ಹುಡ್ ಅವರ ಪ್ರಯೋಗಾಲಯದಲ್ಲಿ ಇದೆಯೋ, ಚಿತ್ರದಲ್ಲಷ್ಟೇ ತೋರಿಸುತ್ತಾರೋ? 129 ಡಾಲರ್ ಪರೀಕ್ಷಾ ಶುಲ್ಕ ಕೋರ್ಸಿನ ಶುಲ್ಕದಲ್ಲಿ ಸೇರಿದೆಯೋ? ಎಕ್ಸ್‌ಟರ್ನ್‌ಶಿಪ್ಪಿನ ಪ್ರಶ್ನೆಗೆ ಉತ್ತರ ತಡವರಿಸಿ ಬಂದರೆ ಆ ಕೋರ್ಸ್ ಬೇಡ. ಇನ್ನೊಂದು ಎಚ್ಚರ: ಕೋರ್ಸ್ ಮುಗಿದಾಗ ಶಾಲೆ ಕೊಡುವ ಹಾಳೆಯ ಮೇಲೂ ‘ಸರ್ಟಿಫಿಕೇಟ್’ ಎಂದೇ ಇರುತ್ತದೆ. ಅದು ಕೋರ್ಸ್ ಮುಗಿಸಿದ್ದಕ್ಕೆ ಸಾಕ್ಷಿ, ಅಷ್ಟೇ. ಅದನ್ನು ಹಿಡಿದು ಹೆಸರಿನ ಮುಂದೆ ಸಿಪಿಎಚ್‌ಟಿ ಎಂದು ಹಾಕಿಕೊಳ್ಳುವಂತಿಲ್ಲ.

ಇನ್ನು ಪರೀಕ್ಷೆ. ಪಿಯರ್ಸನ್ ವ್ಯೂ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ 90 ಪ್ರಶ್ನೆ, 1 ಗಂಟೆ 50 ನಿಮಿಷ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. 90ರಲ್ಲಿ 80ಕ್ಕೆ ಮಾತ್ರ ಅಂಕ. ಉಳಿದ 10 ಮುಂದಿನ ಪರೀಕ್ಷೆಗಳಿಗಾಗಿ ಒರೆಗೆ ಹಚ್ಚುತ್ತಿರುವ ಪ್ರಶ್ನೆಗಳು, ಯಾವುವೆಂದು ನಿಮಗೆ ತಿಳಿಯುವುದಿಲ್ಲ. ಅಂಕ 1000ದಿಂದ 1600ರವರೆಗಿನ ಮಾಪಕದಲ್ಲಿ ಬರುತ್ತದೆ, 1400 ಬಂದರೆ ಪಾಸು. ಪಾಸೋ ಅಲ್ಲವೋ ಎಂಬ ತಾತ್ಕಾಲಿಕ ಫಲಿತಾಂಶ ಪರೀಕ್ಷೆ ಮುಗಿದ ಕೂಡಲೇ ಗೊತ್ತಾಗುತ್ತದೆ. ಪ್ರಶ್ನೆಗೆ ಸರಾಸರಿ 73 ಸೆಕೆಂಡ್. ಔಷಧದ ಹೆಸರಿನ ಪ್ರಶ್ನೆಗೆ 20 ಸೆಕೆಂಡ್ ಸಾಕು, ಉಳಿಸಿದ ಸಮಯವನ್ನು ಲೆಕ್ಕಕ್ಕೆ ಹಾಕಬಹುದು.

2020ರಿಂದ ಪಠ್ಯಸೂಚಿಯಲ್ಲಿ ನಾಲ್ಕು ಭಾಗಗಳು: ಔಷಧಗಳು 40%, ರೋಗಿ ಸುರಕ್ಷತೆ 26.25%, ಆರ್ಡರ್ ಏರಿಸುವುದು ಮತ್ತು ಸಂಸ್ಕರಣೆ 21.25%, ಫೆಡರಲ್ ಕಾನೂನು 12.5%. 2026ರ ಜನವರಿಯಲ್ಲಿ ಈ ತೂಕ ಬದಲಾಯಿತು. ಔಷಧಗಳ ಪಾಲು 35%ಕ್ಕೆ ಇಳಿದು, ಕಾನೂನಿನ ಪಾಲು 18.75%ಕ್ಕೆ ಏರಿತು. ಅಂದರೆ ಅಂಕವಿರುವ 80 ಪ್ರಶ್ನೆಗಳಲ್ಲಿ ಕಾನೂನಿನವು 10 ಇದ್ದದ್ದು 15 ಆದವು. ಹಳೆಯ ಪುಸ್ತಕವನ್ನು ಯಾರಿಂದಲೋ ತಂದು ಓದುವವರು ಇದನ್ನು ಗಮನಿಸಬೇಕು.

ಲೆಕ್ಕ ಪ್ರತ್ಯೇಕ ಭಾಗವಲ್ಲ, ಆದರೆ ಬಿಡದೆ ಬರುತ್ತದೆ, ಮತ್ತು ಈ ಪರೀಕ್ಷೆಯ ಬೆಲೆ ಗೊತ್ತಾಗುವುದೂ ಅಲ್ಲೇ. ಒಂದು ಸಾದಾ ಪ್ರಶ್ನೆ ತೆಗೆದುಕೊಳ್ಳಿ. 5 ಮಿಲಿ ಕಣ್ಣಿನ ಹನಿ ಔಷಧ, ಎರಡೂ ಕಣ್ಣಿಗೆ ದಿನಕ್ಕೆ ಎರಡು ಬಾರಿ ಒಂದೊಂದು ಹನಿ. ಎಷ್ಟು ದಿನಕ್ಕೆ ಬರುತ್ತದೆ? ಮಿಲಿಗೆ 20 ಹನಿ ಎಂದು ಹಿಡಿದರೆ ಬಾಟಲಿಯಲ್ಲಿ 100 ಹನಿ, ದಿನಕ್ಕೆ 4 ಹನಿ, 25 ದಿನ. ‘ಎರಡೂ ಕಣ್ಣಿಗೆ’ ಎಂಬುದನ್ನು ಓದದೆ ಬಿಟ್ಟವರ ಉತ್ತರ 50 ದಿನ, ಮತ್ತು ಆ 50 ಆಯ್ಕೆಗಳಲ್ಲಿ ಕೂತೇ ಇರುತ್ತದೆ. ಕೌಂಟರಿನಲ್ಲಿ ಇದೇ ತಪ್ಪಾದರೆ ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ಔಷಧ ಸರಿ, ಲೇಬಲ್ ಸರಿ, ರೋಗಿ ಮನೆಗೆ ಹೋಗುತ್ತಾರೆ. 25ನೇ ದಿನ ಬಾಟಲಿ ಖಾಲಿಯಾಗಿ ವಾಪಸ್ ಬಂದಾಗ ವಿಮಾ ಕಂಪನಿಯ ಕಂಪ್ಯೂಟರ್ ‘ಇನ್ನೂ ಬೇಗ, 50 ದಿನಕ್ಕೆ ಕೊಟ್ಟಾಗಿದೆ’ ಎಂದು ಬಿಲ್ಲನ್ನು ತಿರಸ್ಕರಿಸುತ್ತದೆ. ಗ್ಲಾಕೋಮಾ ರೋಗಿಯಾದರೆ ಔಷಧ ತಪ್ಪಿದ ಒಂದೊಂದು ದಿನವೂ ಕಣ್ಣಿಗೆ ಹೊರೆ. ಒಂದು ಪದ ಓದದೆ ಬಿಟ್ಟದ್ದರ ಫಲ ಇದು.

ಮಕ್ಕಳ ಡೋಸ್ ಇನ್ನೂ ಸೂಕ್ಷ್ಮ. 44 ಪೌಂಡ್ ತೂಕದ ಮಗು, ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋಗೆ 90 ಮಿಲಿಗ್ರಾಂನಂತೆ, ಎರಡು ಪಾಲು ಮಾಡಿ, 10 ದಿನ. ಕೈಯಲ್ಲಿರುವ ದ್ರವ 5 ಮಿಲಿಯಲ್ಲಿ 400 ಮಿಲಿಗ್ರಾಂ. ಮೊದಲ ಹೆಜ್ಜೆ 44ನ್ನು 2.2ರಿಂದ ಭಾಗಿಸುವುದು: 20 ಕಿಲೋ. ದಿನಕ್ಕೆ 1800 ಮಿಲಿಗ್ರಾಂ, ಒಂದು ಹೊತ್ತಿಗೆ 900, ಅಂದರೆ 11.25 ಮಿಲಿ. 10 ದಿನಕ್ಕೆ 225 ಮಿಲಿ. ಕಿಲೋದಲ್ಲೇ ಯೋಚಿಸಿ ಬೆಳೆದ ನಮ್ಮವರು ಆ 44ನ್ನು ಕಿಲೋ ಎಂದೇ ಹಿಡಿದು ಮುಂದೆ ಹೋಗುವ ಅಪಾಯವಿದೆ. ಆಗ ಡೋಸ್ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಭ್ಯಾಸ ಮಾಡುವಾಗ ಸಂಖ್ಯೆಯ ಪಕ್ಕದ ಮಾನಕ್ಕೆ ಪ್ರತಿ ಸಲವೂ ಅಡಿಗೆರೆ ಎಳೆಯಿರಿ.

ಅಲಿಗೇಶನ್ ಎಂಬ ಹೆಸರಿಗೆ ಹೆದರುವವರು ಬಹಳ. ಅದು ಹಾಲಿಗೆ ನೀರು ಬೆರೆಸುವ ಲೆಕ್ಕವೇ. 70% ಮತ್ತು 20% ದ್ರಾವಣ ಬೆರೆಸಿ 50%ದ್ದು 500 ಮಿಲಿ ಮಾಡಬೇಕು ಎನ್ನಿ. 50ರಿಂದ 20 ಕಳೆದರೆ 30, ಅದು ಗಟ್ಟಿ ದ್ರಾವಣದ ಪಾಲು. 70ರಿಂದ 50 ಕಳೆದರೆ 20, ಅದು ತೆಳು ದ್ರಾವಣದ ಪಾಲು. ಒಟ್ಟು 50 ಪಾಲು, ಪಾಲಿಗೆ 10 ಮಿಲಿ: 300 ಮಿಲಿ ಮತ್ತು 200 ಮಿಲಿ. ಪಾಲುಗಳನ್ನು ಅದಲುಬದಲು ಮಾಡುವುದೇ ಇಲ್ಲಿನ ಮಾಮೂಲಿ ತಪ್ಪು. ತಾಳೆ ನೋಡುವುದು ಸುಲಭ: ಬೇಕಾದ 50, 20ಕ್ಕಿಂತ 70ಕ್ಕೆ ಹತ್ತಿರವಿದೆ, ಹಾಗಾಗಿ 70%ದ್ದೇ ಹೆಚ್ಚು ಬೇಕು.

ಕೆಲವು ಪ್ರಶ್ನೆಗಳಲ್ಲಿ ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗಬಹುದು. ಇನ್ಸುಲಿನ್ ಗ್ಲಾರ್ಜಿನ್ 10 ಮಿಲಿ ಬಾಟಲಿಯಲ್ಲಿ 1000 ಯೂನಿಟ್. ದಿನಕ್ಕೆ 20 ಯೂನಿಟ್ ಎಂದರೆ ಗಣಿತದಲ್ಲಿ 50 ದಿನ. ಆದರೆ ಬಾಟಲಿ ತೆರೆದ 28 ದಿನಕ್ಕೆ ಉಳಿದದ್ದನ್ನು ಬಿಸಾಡಬೇಕು. ಔಷಧದ ಅರಿವು ಮತ್ತು ಲೆಕ್ಕ ಹೀಗೆ ಹೆಣೆದುಕೊಂಡಿರುವುದರಿಂದಲೇ ಹೆಚ್ಚು ಬಳಕೆಯ ಔಷಧಗಳ ‘ಟಾಪ್ 200’ ಪಟ್ಟಿ ಉರುಹೊಡೆದರೆ ಸಾಕು ಎನ್ನುವ ಕೋಚಿಂಗುಗಳನ್ನು ನಂಬಬಾರದು.

ಪಟ್ಟಿ ಬೇಡವೆಂದಲ್ಲ. ಬ್ರ್ಯಾಂಡ್ ಹೆಸರು, ಜೆನೆರಿಕ್ ಹೆಸರು, ಯಾವ ವರ್ಗ, ಏಕೆ ಕೊಡುತ್ತಾರೆ ಎಂಬ ನಾಲ್ಕೂ ಗೊತ್ತಿರಬೇಕು. ಹೆಸರಿನ ಬಾಲ ಹಿಡಿದು ಕಲಿಯುವುದು ಒಳ್ಳೆಯ ಉಪಾಯ: ‘ಪ್ರಿಲ್’, ‘ಸಾರ್ಟಾನ್’ ಎಂದು ಮುಗಿದರೆ ರಕ್ತದೊತ್ತಡ, ‘ಸ್ಟಾಟಿನ್’ ಎಂದರೆ ಕೊಲೆಸ್ಟರಾಲ್. ಆದರೆ ಬಾಲವೂ ಮೋಸ ಮಾಡುತ್ತದೆ. ಒಮೆಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ, ಅರಿಪಿಪ್ರಜೋಲ್ ಮನೋರೋಗಕ್ಕೆ. ಭಾರತದಲ್ಲಿ ಓದಿದವರಿಗೆ ಇನ್ನೊಂದು ತೊಡಕು, ಅದೇ ಔಷಧಕ್ಕೆ ಅಲ್ಲಿ ಬೇರೆ ಹೆಸರು. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್, ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್, ಅಡ್ರಿನಲಿನ್ ಎಪಿನೆಫ್ರಿನ್, ರಿಫಾಂಪಿಸಿನ್ ರಿಫಾಂಪಿನ್. ಇವನ್ನು ಬೇರೆಯೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಎರಡು ವಾರದಲ್ಲಿ ನಾಲಿಗೆಗೆ ಬರುತ್ತವೆ.

ಸುರಕ್ಷತೆಯ ಭಾಗ ಈ ಪರೀಕ್ಷೆಯ ಹೆಮ್ಮೆ. ಹೈಡ್ರಾಕ್ಸಿಜಿನ್ ತುರಿಕೆಗೆ, ಹೈಡ್ರಲಜಿನ್ ರಕ್ತದೊತ್ತಡಕ್ಕೆ. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ಕೈ ತಪ್ಪಿದ್ದೇ ಗೊತ್ತಾಗುವುದಿಲ್ಲ. ಹೆಸರಿನಲ್ಲಿ ಬೇರೆಯಾಗುವ ಅಕ್ಷರಗಳನ್ನಷ್ಟೇ ದೊಡ್ಡದಾಗಿ ಅಚ್ಚು ಹಾಕುವ ಟಾಲ್ ಮ್ಯಾನ್ ಪದ್ಧತಿ ಅದಕ್ಕೇ ಬಂದದ್ದು. ಪೂರ್ಣ ಸಂಖ್ಯೆಯ ಮುಂದೆ ‘.0’ ಬರೆಯಬಾರದು, ಏಕೆಂದರೆ 1.0ರ ಚುಕ್ಕೆ ಮಾಸಿದರೆ 10 ಆಗುತ್ತದೆ. ದಶಮಾಂಶದ ಹಿಂದಿನ ಸೊನ್ನೆಯನ್ನು ಬರೆಯದೆ ಬಿಡಬಾರದು, ಏಕೆಂದರೆ .5ರ ಚುಕ್ಕೆ ಕಾಣದಿದ್ದರೆ 5 ಆಗುತ್ತದೆ. ಎರಡರಲ್ಲೂ ತಪ್ಪು ಹತ್ತು ಪಟ್ಟು. ಇದನ್ನೆಲ್ಲ ಕೇಳುವ ಪರೀಕ್ಷೆ ರೋಗಿಯ ಪರವಾಗಿ ನಿಂತಿದೆ ಎಂದೇ ಹೇಳಬೇಕು.

ಕಾನೂನಿನಲ್ಲಿ ನಿಯಂತ್ರಿತ ಔಷಧಗಳ ಐದು ಷೆಡ್ಯೂಲ್ (ವರ್ಗ) ಬೆನ್ನೆಲುಬು. ಷೆಡ್ಯೂಲ್ 2ಕ್ಕೆ ರೀಫಿಲ್, ಅಂದರೆ ಅದೇ ಪ್ರಿಸ್ಕ್ರಿಪ್ಷನ್ ಮೇಲೆ ಮತ್ತೆ ಔಷಧ ಕೊಡುವುದು, ಇಲ್ಲವೇ ಇಲ್ಲ. 3 ಮತ್ತು 4ಕ್ಕೆ 6 ತಿಂಗಳೊಳಗೆ ಗರಿಷ್ಠ 5. ಷೆಡ್ಯೂಲ್ 2 ಔಷಧವನ್ನು ಕಾಗದದಲ್ಲಿ ತರಿಸಲು ಡಿಇಎ (ನಿಯಂತ್ರಿತ ಔಷಧಗಳ ಮೇಲೆ ಕಣ್ಣಿಡುವ ಫೆಡರಲ್ ಸಂಸ್ಥೆ) ಫಾರ್ಮ್ 222, ಕಳವಾದರೆ 106, ನಾಶ ಮಾಡಿದರೆ 41. ನೆಗಡಿಗೆ ಕೊಡುವ ಸೂಡೋಎಫೆಡ್ರಿನ್ ಒಬ್ಬರಿಗೆ ದಿನಕ್ಕೆ 3.6 ಗ್ರಾಂ, 30 ದಿನದಲ್ಲಿ 9 ಗ್ರಾಂ ದಾಟಬಾರದು. ವೈದ್ಯರ ಡಿಇಎ ಸಂಖ್ಯೆ ತಾಳೆ ನೋಡುವುದನ್ನಂತೂ ಬೆರಳ ತುದಿಯಲ್ಲಿ ಇಟ್ಟುಕೊಳ್ಳಿ. ಎರಡು ಅಕ್ಷರದ ನಂತರ 1234563 ಎಂದಿದೆ ಎನ್ನಿ. 1, 3, 5ನೇ ಸ್ಥಾನದ ಅಂಕಿ ಕೂಡಿದರೆ 9. 2, 4, 6ನೇ ಸ್ಥಾನದವನ್ನು ಕೂಡಿದರೆ 12, ಅದರ ಎರಡರಷ್ಟು 24. ಎರಡೂ ಸೇರಿ 33. ಅದರ ಕೊನೆಯ ಅಂಕಿ 3, ಸಂಖ್ಯೆಯ ಕೊನೆಯ ಅಂಕಿಯೂ 3, ಹೊಂದಿತು. ಹೊಂದದಿದ್ದರೆ ಆ ಪ್ರಿಸ್ಕ್ರಿಪ್ಷನ್ ನೇರ ಫಾರ್ಮಸಿಸ್ಟರ ಕೈಗೆ. ಒಂದು ಮಾತು ನೆನಪಿರಲಿ, ಪರೀಕ್ಷೆ ಕೇಳುವುದು ಫೆಡರಲ್ ಕಾನೂನನ್ನು ಮಾತ್ರ. ರಾಜ್ಯದ ಕಾನೂನು ಅದಕ್ಕಿಂತ ಬಿಗಿಯಾಗಿದ್ದರೆ ಕೆಲಸದಲ್ಲಿ ನಡೆಯುವುದು ರಾಜ್ಯದ್ದೇ.

ಈಗ ಕೊರತೆ. 2020ರ ಪರಿಷ್ಕರಣೆಗೆ ಮೊದಲು ಪಠ್ಯಸೂಚಿಯಲ್ಲಿ ಬಿಲ್ಲಿಂಗಿಗೆ ಪ್ರತ್ಯೇಕ ಭಾಗವಿತ್ತು, 8.75%. ಆ ಭಾಗವನ್ನು ಕೈಬಿಟ್ಟು, ಆ ವಿಷಯಕ್ಕೆ ಬೇರೆಯೇ ಪ್ರಮಾಣಪತ್ರ ಮಾಡಿದರು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ಅಂಗಡಿಯ ಟೆಕ್ನಿಷಿಯನ್ನಿನ ದಿನದ ದೊಡ್ಡ ಪಾಲು ಹೋಗುವುದು ವಿಮೆಯ ತಿರಸ್ಕಾರಗಳ ಹಿಂದೆಯೇ. ಕೋಡ್ 70 ಎಂದರೆ ಈ ಔಷಧ ಯೋಜನೆಯಲ್ಲಿಲ್ಲ; 75 ಎಂದರೆ ಪೂರ್ವಾನುಮತಿ ಬೇಕು, ವೈದ್ಯರ ಕಚೇರಿಗೆ ಕಳಿಸಬೇಕು; 76 ಎಂದರೆ ಮಿತಿ ಮೀರಿದೆ; 79 ಎಂದರೆ ರೀಫಿಲ್ ತೀರಾ ಬೇಗ, ಮೇಲಿನ ಕಣ್ಣಿನ ಹನಿಯ ಕಥೆ ಇದೇ; 88 ಎಂದರೆ ಔಷಧಗಳ ನಡುವೆ ತೊಡಕಿರಬಹುದು, ಫಾರ್ಮಸಿಸ್ಟ್ ನೋಡಲೇಬೇಕು. ಈ ಐದನ್ನು ತಿಳಿಯದೆ ಮೊದಲ ದಿನ ಕೌಂಟರಿಗೆ ನಿಂತವರ ಮುಂದೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ಅವರು ಪರೀಕ್ಷೆಯಲ್ಲಿ ಎಷ್ಟೇ ಅಂಕ ತೆಗೆದಿದ್ದರೂ. ಈ ಕೊರತೆ ತುಂಬಬೇಕಾದದ್ದು 500 ಗಂಟೆಯಲ್ಲಿ ಅಥವಾ ಎಕ್ಸ್‌ಟರ್ನ್‌ಶಿಪ್ಪಿನಲ್ಲಿ. ನಿಮ್ಮನ್ನು ಬರೀ ಮಾತ್ರೆ ಎಣಿಸಲು ಕೂರಿಸಿದ್ದರೆ, ಡೇಟಾ ಎಂಟ್ರಿ ಮತ್ತು ಬಿಲ್ಲಿಂಗ್ ಕಂಪ್ಯೂಟರಿನ ಮುಂದೆ ಒಂದೊಂದು ವಾರ ಕೊಡಿ ಎಂದು ಕೇಳಿ ಪಡೆಯಿರಿ.

ಎನ್‌ಎಚ್‌ಎ ಎಂಬ ಇನ್ನೊಂದು ಸಂಸ್ಥೆಯ ಎಕ್ಸ್‌ಸಿಪಿಟಿ ಪರೀಕ್ಷೆ ಪಾಸಾದರೂ ಸಿಪಿಎಚ್‌ಟಿ ಸಿಗುತ್ತದೆ. ಅಲ್ಲಿ 120 ಪ್ರಶ್ನೆ, 2 ಗಂಟೆ 10 ನಿಮಿಷ, 500ಕ್ಕೆ 390 ಬೇಕು. ತರಬೇತಿ ಪಡೆಯದೆ ಕೆಲಸದ ಅನುಭವದ ಮೇಲೆ ಕೂರುವವರಿಗೆ 1,200 ಗಂಟೆ. ನಿಮ್ಮ ರಾಜ್ಯ ಮತ್ತು ನೀವು ಸೇರಬೇಕೆಂದಿರುವ ಆಸ್ಪತ್ರೆ ಎರಡನ್ನೂ ಒಪ್ಪಿದರೆ ಯಾವುದಾದರೂ ಸರಿ. ಸಂದೇಹವಿದ್ದರೆ ಪಿಟಿಸಿಬಿ ಕಡೆಗೇ ವಾಲುವುದು ಕ್ಷೇಮ. ಸ್ಟೆರೈಲ್ ತಯಾರಿಕೆಯ ಸಿಎಸ್‌ಪಿಟಿಯಂಥ ಮುಂದಿನ ಮೆಟ್ಟಿಲುಗಳೂ ಅಲ್ಲೇ ಇವೆ.

ಪರೀಕ್ಷೆಯ ದಿನ ಓದಿಗೆ ಸಂಬಂಧವೇ ಇಲ್ಲದ ಒಂದು ವಿಷಯ ನಮ್ಮವರನ್ನು ಕಾಡುತ್ತದೆ: ಹೆಸರು. ಅರ್ಜಿಯ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದಬೇಕು. ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (‘ಮೊದಲ ಹೆಸರು ಗೊತ್ತಿಲ್ಲ’) ಎಂಬ ಮೂರಕ್ಷರ. ಹೊಂದದಿದ್ದರೆ ಕೇಂದ್ರದ ಬಾಗಿಲಿನಿಂದಲೇ ವಾಪಸ್ ಬರಬೇಕಾದೀತು, ಕಟ್ಟಿದ ಹಣವೂ ಹೋದೀತು. ಯಾವ ಚೀಟಿ ತೋರಿಸುತ್ತೀರೋ ಅದನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಅರ್ಜಿ ತುಂಬಿ. ವ್ಯತ್ಯಾಸವಿದ್ದರೆ ದಿನಾಂಕ ಗೊತ್ತು ಮಾಡುವ ಮೊದಲೇ ಸಂಸ್ಥೆಗೆ ಬರೆದು ಸರಿಪಡಿಸಿಕೊಳ್ಳಿ.

ಪಾಸಾದ ಮೇಲೆ ಪ್ರಮಾಣಪತ್ರದ ಅವಧಿ 2 ವರ್ಷ. ನವೀಕರಿಸಲು 20 ಗಂಟೆ ಮುಂದುವರಿಕೆ ಶಿಕ್ಷಣ ಬೇಕು, ಅದರಲ್ಲಿ ಕಾನೂನು ಮತ್ತು ರೋಗಿ ಸುರಕ್ಷತೆಗೆ ತಲಾ 1 ಗಂಟೆ. ಉಚಿತವಾಗಿ ಸಿಗುವ ಪಾಠಗಳೂ ಇವೆ, ಆದರೆ ಪಾಠದ ಸಂಖ್ಯೆಯ ಕೊನೆಯ ಅಕ್ಷರ ನೋಡಿಕೊಳ್ಳಿ. ‘ಟಿ’ ಎಂದಿದ್ದರೆ ಟೆಕ್ನಿಷಿಯನ್‌ಗಳಿಗೆ, ‘ಪಿ’ ಎಂದಿದ್ದರೆ ಫಾರ್ಮಸಿಸ್ಟರಿಗೆ. ‘ಪಿ’ ಪಾಠವನ್ನು ಎಷ್ಟೇ ಶ್ರದ್ಧೆಯಿಂದ ಮುಗಿಸಿದ್ದರೂ ನವೀಕರಣದ 20 ಗಂಟೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.